ನಾಯಿ-ಬೆಕ್ಕಿಗೆ ಹುಷಾರಿಲ್ಲ ಅಂದರೆ ಯಾವ ಡಾಕ್ಟರ ಹತ್ತಿರ ಹೋಗೋದು?

ಮಳೆಗಾಲ ಶುರುವಾಗುವ ಹೊತ್ತಿಗೆ ನಮ್ಮ ನಾಯಿ ಗುಂಡ ಊಟ ಬಿಟ್ಟ. ಮೊಸರನ್ನ ಅಂದರೆ ಪ್ರಾಣ ಅವನಿಗೆ. ಅಂಥವನು ತಟ್ಟೆ ಮೂಸಿ, ಮುಖ ತಿರುಗಿಸಿ, ಬಚ್ಚಲುಮನೆಯ ತಣ್ಣನೆ ನೆಲದ ಮೇಲೆ ಹೋಗಿ ಮಲಗಿದ. ಮೈ ಕಾಯುತ್ತಿತ್ತು. ಆಗ ನಾವು ಹೋಗುತ್ತಿದ್ದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಜ್ವರ ಅಂತ ಒಂದು ಇಂಜೆಕ್ಷನ್ ಹಾಕಿದರು. ಮರುದಿನ ಇನ್ನೊಂದು. ಮೂರನೇ ದಿನ ಮತ್ತೊಂದು, ಜೊತೆಗೆ ಡ್ರಿಪ್. ಮೂರು ದಿನದಲ್ಲಿ ಒಂದು ಸಲವೂ ರಕ್ತ ತೆಗೆಯಲಿಲ್ಲ. "ಸರಿಹೋಗುತ್ತೆ ಬಿಡಿ" ಅನ್ನೋ ಮಾತು ಮಾತ್ರ ಮೂರೂ ದಿನ ಸಿಕ್ಕಿತು.

ನಮ್ಮ ಪಕ್ಕದ ರಸ್ತೆಯಲ್ಲಿ ಒಬ್ಬರು ಆಂಟಿ ದಿನಾ ರಾತ್ರಿ ಬೀದಿನಾಯಿಗಳಿಗೆ ಅನ್ನ ಹಾಕುತ್ತಾರೆ. ನಾಲ್ಕನೇ ದಿನ ಅವರು ಹೇಳಿದ ಕಡೆ ಹೋದೆವು. ಬೇಕರಿ ಪಕ್ಕ, ಒಂದೇ ಶಟರಿನ ಪುಟ್ಟ ಕ್ಲಿನಿಕ್. ಅಲ್ಲಿನ ಡಾಕ್ಟರಮ್ಮ ಸಿರಿಂಜ್ ಮುಟ್ಟುವ ಮೊದಲು ಗುಂಡನ ಪಕ್ಕ ನೆಲದ ಮೇಲೆ ಕೂತರು. ತುಟಿ ಎತ್ತಿ ಒಸಡು ನೋಡಿದರು. ಗುಲಾಬಿ ಬಣ್ಣ ಇರಬೇಕಾದ ಒಸಡು ಸುಣ್ಣದ ಹಾಗೆ ಬೆಳ್ಳಗಿತ್ತು. ಆಮೇಲೆ ಮಗ್ಗುಲಿಗೆ ಮಲಗಿಸಿ, ಹೊಟ್ಟೆಯ ಕೂದಲು ಸರಿಸಿ ನಮಗೂ ತೋರಿಸಿದರು. ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆಗಳು. ಮೂರು ದಿನದಿಂದ ನಾವು ಅವನ ಪಕ್ಕದಲ್ಲೇ ಕೂತಿದ್ದರೂ ಕಂಡಿರಲಿಲ್ಲ.

"ಉಣ್ಣಿ ಜ್ವರ ಇರಬಹುದು. ರಕ್ತ ನೋಡದೆ ಔಷಧಿ ಕೊಡಲ್ಲ" ಅಂದರು. ಸಂಜೆ ರಿಪೋರ್ಟ್ ಬಂತು. ಪ್ಲೇಟ್‌ಲೆಟ್ 22,000. ಆರೋಗ್ಯವಾಗಿರುವ ನಾಯಿಗೆ ಸುಮಾರು 2 ಲಕ್ಷದಿಂದ 5 ಲಕ್ಷ ಇರಬೇಕು. ಅವರು ಔಷಧಿ ಶುರು ಮಾಡಿ, ಒಂದು ಹಾಳೆಯಲ್ಲಿ ಎಲ್ಲ ಬರೆದುಕೊಟ್ಟು, "ಇಷ್ಟು ಕಮ್ಮಿ ಇರುವಾಗ ನನ್ನ ಹತ್ತಿರ ಇಟ್ಟುಕೊಳ್ಳೋದು ಸರಿಯಲ್ಲ. ರಕ್ತ ಹಾಕಬೇಕಾಗಿ ಬಂದರೆ ನನ್ನಲ್ಲಿ ಆಗಲ್ಲ. ಬೆಳಗ್ಗೆ ಎದ್ದ ತಕ್ಷಣ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಿ" ಅಂದರು.

ಗುಂಡ ಉಳಿದ. ಅವತ್ತಿನಿಂದ ಯಾರಾದರೂ "ಒಳ್ಳೆ ವೆಟ್ ಯಾರಿದಾರೆ?" ಅಂತ ಕೇಳಿದರೆ ನಾನು ಮೊದಲು ನೋಡೋದು ಒಂದೇ ವಿಷಯ. ತನ್ನ ಕೈಯಲ್ಲಿ ಆಗದ್ದನ್ನು ತಡಮಾಡದೆ ಬೇರೆ ಕಡೆ ಕಳಿಸುವವರಾ, ಇಲ್ಲವಾ? ಬೆಂಗಳೂರಿನಲ್ಲಿ ನಮಗೆ ಐದು ಬಗೆಯ ಜಾಗಗಳಿವೆ. ಬಡಾವಣೆಯ ಖಾಸಗಿ ಕ್ಲಿನಿಕ್, ಹೆಬ್ಬಾಳದ ಕಾಲೇಜು ಆಸ್ಪತ್ರೆ, ಸರ್ಕಾರಿ ಪಶು ಆಸ್ಪತ್ರೆ, ರಾತ್ರಿಯೂ ತೆರೆದಿರುವ ದೊಡ್ಡ ಖಾಸಗಿ ಆಸ್ಪತ್ರೆ, ಮತ್ತೆ ಮನೆಗೇ ಬರುವ ಡಾಕ್ಟರು. ಐದರಲ್ಲಿ ಮೂರನ್ನು ನಾನೇ ಕಂಡಿದ್ದೇನೆ, ಉಳಿದೆರಡು ಅಕ್ಕ ಮತ್ತೆ ಗೆಳತಿ ಕಂಡಿದ್ದು. ಯಾವುದು ಯಾವಾಗ ಬೇಕು ಅನ್ನೋದು ಬೇರೆ ಬೇರೆ.

ಬಡಾವಣೆಯ ಕ್ಲಿನಿಕ್

ವರ್ಷದ ಹೆಚ್ಚಿನ ಕೆಲಸ ಇಲ್ಲೇ ಮುಗಿಯುತ್ತದೆ. ಲಸಿಕೆ, ಜಂತುಹುಳದ ಔಷಧಿ, ಕಿವಿ ಸೋರೋದು, ಕೆರೆತ, ಒಂದು ದಿನದ ಭೇದಿ, ಉಗುರು ಮುರಿದಿದ್ದು. ನಾವು ಈಗ ಹೋಗುವ ಕ್ಲಿನಿಕ್ಕಿನಲ್ಲಿ ಒಂದು ಸಲ ತೋರಿಸಲು 400 ರೂಪಾಯಿ. ಹತ್ತಿರ ಇದೆ, ಸಂಜೆ ಆಫೀಸಿನಿಂದ ಬಂದ ಮೇಲೂ ತೆಗೆದಿರುತ್ತದೆ. ಎಲ್ಲಕ್ಕಿಂತ ಮುಖ್ಯ, ಅವರಿಗೆ ನಮ್ಮ ಪ್ರಾಣಿ ಗೊತ್ತು. ಗುಂಡ ಸುಮ್ನಿದ್ದರೆ ಅದು ಅವನ ಸ್ವಭಾವವಾ, ಸುಸ್ತಾ ಅಂತ ಹೇಳಬಲ್ಲರು.

ಹೊಸ ಕ್ಲಿನಿಕ್ಕಿಗೆ ಮೊದಲ ಸಲ ಹೋದಾಗ ಏನು ನೋಡಬೇಕು? ತೂಕ ಹಾಕುತ್ತಾರಾ ನೋಡಿ. ಪ್ರಾಣಿಗೆ ಔಷಧಿಯ ಪ್ರಮಾಣ ನಿಂತಿರೋದೇ ತೂಕದ ಮೇಲೆ. ಕಣ್ಣಂದಾಜಿನಲ್ಲಿ "ಹತ್ತು ಕೆಜಿ ಇರಬಹುದು" ಅಂದುಕೊಂಡು ಔಷಧಿ ಕೊಡುವವರ ಬಗ್ಗೆ ನನಗೆ ಭಯ. ಮೈ ಮುಟ್ಟಿ ನೋಡುತ್ತಾರಾ, ಥರ್ಮಾಮೀಟರ್ ಹಾಕುತ್ತಾರಾ ನೋಡಿ. ನಾಯಿಯ ಸಹಜ ಮೈಬಿಸಿ ನಮಗಿಂತ ಜಾಸ್ತಿ, 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್‌ವರೆಗೂ ಇರುತ್ತದೆ. ಕೈಯಿಟ್ಟು ನೋಡಿ ಜ್ವರ ಅನ್ನೋಕೆ ಬರೋದಿಲ್ಲ. ಏನು ಇಂಜೆಕ್ಷನ್ ಕೊಟ್ಟೆ ಅಂತ ಹೆಸರು ಬರೆದುಕೊಡುತ್ತಾರಾ ಅನ್ನೋದು ಇನ್ನೊಂದು. ಗುಂಡನ ವಿಷಯದಲ್ಲಿ ಎರಡನೇ ಡಾಕ್ಟರಮ್ಮ ಮೊದಲು ಕೇಳಿದ್ದೇ "ಮೂರು ದಿನ ಏನು ಕೊಟ್ಟರು?" ಅಂತ. ನಮ್ಮ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ಆ ಹೊತ್ತಿನಲ್ಲಿ ಆದ ಸಂಕಟ ಇನ್ನೂ ಮರೆತಿಲ್ಲ.

ಗೋಡೆಯ ಮೇಲೆ ನೋಂದಣಿ ಪತ್ರ ಇದೆಯಾ ಅಂತಲೂ ಕಣ್ಣಾಡಿಸಿ. ಪಶುವೈದ್ಯರಾಗಲು ಬಿವಿಎಸ್ಸಿ ಅಂಡ್ ಎಎಚ್ ಪದವಿ ಬೇಕು. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಓದು. ಅದಾದ ಮೇಲೆ ಪಶುವೈದ್ಯಕೀಯ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಳ್ಳಬೇಕು. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆ ಹೇಳೋದು ಇದನ್ನೇ. ಎಂವಿಎಸ್ಸಿ, ಅಂದರೆ ಸ್ನಾತಕೋತ್ತರ ಪದವಿ, ಅಂತ ಇದ್ದರೆ ಯಾವ ವಿಭಾಗದಲ್ಲಿ ಅಂತ ಕೇಳಿ. ಸರ್ಜರಿಯಲ್ಲಿ ಮಾಡಿದವರು, ಮೆಡಿಸಿನ್‌ನಲ್ಲಿ ಮಾಡಿದವರು ಬೇರೆ ಬೇರೆ. ಕೇಳಿದರೆ ಒಳ್ಳೆ ಡಾಕ್ಟರು ಬೇಜಾರು ಮಾಡಿಕೊಳ್ಳಲ್ಲ.

ಇನ್ನು ಲಸಿಕೆ. ಪೆಟ್ ಶಾಪಿನಲ್ಲಿ, ಮಾರಾಟ ಮಾಡುವವರ ಮನೆಯಲ್ಲಿ "ಎಲ್ಲ ಇಂಜೆಕ್ಷನ್ ಆಗಿದೆ" ಅಂತ ಪುಸ್ತಕ ಕೊಟ್ಟಿರುತ್ತಾರೆ. ಅದನ್ನು ತೆರೆದು ನೋಡಿ. ಸರಿಯಾಗಿ ಹಾಕಿದ್ದರೆ ಲಸಿಕೆ ಬಾಟಲಿಯ ಮೇಲಿನ ಪುಟ್ಟ ಸ್ಟಿಕರ್ ಅಂಟಿಸಿರಬೇಕು, ಬ್ಯಾಚ್ ನಂಬರ್ ಕಾಣಬೇಕು, ಡಾಕ್ಟರ ಸಹಿ ಮತ್ತು ನೋಂದಣಿ ಸಂಖ್ಯೆ ಇರಬೇಕು. ಬರೀ ತಾರೀಖು ಬರೆದು ಟಿಕ್ ಹಾಕಿದ್ದರೆ ನಾನಂತೂ ನಂಬೋದಿಲ್ಲ. ಪಾರ್ವೋ, ಡಿಸ್ಟೆಂಪರ್ ಅನ್ನೋ ಮಾರಕ ವೈರಸ್ ರೋಗಗಳನ್ನು ತಡೆಯುವ ಸಂಯುಕ್ತ ಲಸಿಕೆ ಸಾಮಾನ್ಯವಾಗಿ ಎರಡು ಪುಟ್ಟ ಬಾಟಲಿಯಲ್ಲಿ ಬರುತ್ತದೆ. ಒಂದರಲ್ಲಿ ಬಿಲ್ಲೆಯ ಹಾಗೆ ಒಣಗಿದ ಪುಡಿ, ಇನ್ನೊಂದರಲ್ಲಿ ದ್ರವ. ನಮ್ಮ ಡಾಕ್ಟರಮ್ಮ ಎರಡನ್ನೂ ನಮ್ಮೆದುರೇ ಫ್ರಿಜ್ಜಿನಿಂದ ತೆಗೆದು, ಬೆರೆಸಿ, ತಾರೀಖು ತೋರಿಸಿ ಹಾಕುತ್ತಾರೆ. 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೆ ಇಟ್ಟಿರದ ಲಸಿಕೆ ಹಾಕಿಸಿದರೂ ಒಂದೇ, ಬಿಟ್ಟರೂ ಒಂದೇ. ಮರಿಗೆ ಆರರಿಂದ ಎಂಟು ವಾರಕ್ಕೆ ಶುರು ಮಾಡಿ, ಮೂರು-ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ದಾಟುವವರೆಗೆ ಹಾಕಿಸಬೇಕು. ಮಧ್ಯದಲ್ಲಿ ಬಿಟ್ಟ ಮರಿಗಳನ್ನೇ ಪಾರ್ವೋ ಹುಡುಕಿಕೊಂಡು ಬರೋದು. ರೇಬಿಸ್ ಲಸಿಕೆ ಮೂರು ತಿಂಗಳಿಗೆ, ಆಮೇಲೆ ಡಾಕ್ಟರು ಹೇಳಿದ ಹಾಗೆ ಬೂಸ್ಟರ್, ನಂತರ ವರ್ಷ ವರ್ಷ.

ಈ ಬಗೆಯ ಕ್ಲಿನಿಕ್ಕಿನ ಮಿತಿಯನ್ನೂ ಹೇಳಬೇಕು. ಎಕ್ಸ್‌ರೇ ಇರೋದು ಕಮ್ಮಿ. ರಾತ್ರಿ ಇರಲ್ಲ. ದೊಡ್ಡ ಆಪರೇಷನ್ ಆಗಲ್ಲ. ಅದು ತಪ್ಪಲ್ಲ. ಅದನ್ನು ಒಪ್ಪಿಕೊಳ್ಳದೆ ಇದ್ದರೆ ತಪ್ಪು. ಎರಡು ದಿನ ಔಷಧಿ ಕೊಟ್ಟರೂ ಜ್ವರ ಇಳಿಯದಿದ್ದರೆ "ರಕ್ತ ಪರೀಕ್ಷೆ ಮಾಡೋಣ್ವಾ ಡಾಕ್ಟ್ರೇ?" ಅಂತ ನೀವೇ ಕೇಳಿ. ನಮ್ಮೂರಿನಲ್ಲಿ ಉಣ್ಣಿಯಿಂದ ಬರುವ ಜ್ವರದಲ್ಲೇ ಬೇರೆ ಬೇರೆ ಬಗೆ ಇದೆ. ಎರ್ಲಿಕಿಯಾ ಇದ್ದರೆ ಡಾಕ್ಸಿಸೈಕ್ಲಿನ್, ಸಾಮಾನ್ಯವಾಗಿ 28 ದಿನ. ಬೆಬೀಸಿಯಾ ಇದ್ದರೆ ಆ ಮಾತ್ರೆ ಒಂದೇ ಸಾಲದು, ಚಿಕಿತ್ಸೆಯೇ ಬೇರೆ. ನೋಡದೆ ಹೇಗೆ ಗೊತ್ತಾಗಬೇಕು?

ಹೆಬ್ಬಾಳದ ಕಾಲೇಜು ಆಸ್ಪತ್ರೆ

1958ರಲ್ಲಿ ಶುರುವಾದ ಪಶುವೈದ್ಯಕೀಯ ಕಾಲೇಜು ಇದು. ಈಗ ಬೀದರಿನಲ್ಲಿ ಕೇಂದ್ರ ಇರುವ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿದೆ. ಡಾಕ್ಟರಾಗುವವರು ಕಲಿಯುವ ಜಾಗ. ಹಾಗಾಗಿ ಮೆಡಿಸಿನ್, ಸರ್ಜರಿ, ಹೆರಿಗೆಯ ವಿಭಾಗ ಎಲ್ಲ ಬೇರೆ ಬೇರೆ. ಎಕ್ಸ್‌ರೇ, ಸ್ಕ್ಯಾನಿಂಗ್, ಲ್ಯಾಬ್ ಒಂದೇ ಆವರಣದಲ್ಲಿ ಸಿಗುತ್ತವೆ. ಖರ್ಚು ಖಾಸಗಿಗಿಂತ ತುಂಬಾ ಕಮ್ಮಿ.

ಬೆಳಗ್ಗೆಯೇ ಹೋಗಬೇಕು. ಚೀಟಿ ಮಾಡಿಸಿ, ಹಸು, ಕುರಿ, ಲ್ಯಾಬ್ರಡಾರ್, ಗಿಳಿ ಎಲ್ಲದರ ಜೊತೆ ಕಾಯಬೇಕು. ಅರ್ಧ ದಿನ ರಜೆ ಹಾಕಿಕೊಂಡೇ ಹೋಗಿ. ವಿದ್ಯಾರ್ಥಿಗಳು ಮೊದಲು ಬಂದು ಹತ್ತಾರು ಪ್ರಶ್ನೆ ಕೇಳುತ್ತಾರೆ, ಆಮೇಲೆ ಪ್ರೊಫೆಸರ್ ಬರುತ್ತಾರೆ. ಕೆಲವರಿಗೆ ಇದು ಕಿರಿಕಿರಿ. ನನಗೆ ಅದೇ ಇಷ್ಟ ಆಯಿತು. ಗುಂಡನನ್ನು ನೋಡಿದ ಹುಡುಗಿ ಯಾವಾಗಿಂದ, ಎಷ್ಟು ಸಲ, ಮೂತ್ರದ ಬಣ್ಣ ಏನು, ಮೂಗಿನಲ್ಲಿ ರಕ್ತ ಬಂತಾ ಅಂತ ಒಂದನ್ನೂ ಬಿಡದೆ ಕೇಳಿ ಬರೆದುಕೊಂಡಳು. ಅವಸರದಲ್ಲಿರುವ ಯಾರೂ ಅಷ್ಟು ಕೇಳಲ್ಲ. ಡಾಕ್ಟರಮ್ಮ ಬರೆದುಕೊಟ್ಟ ಹಾಳೆ ಅವಳ ಕೈಗೆ ಕೊಟ್ಟಾಗ ಕೆಲಸ ಅರ್ಧಕ್ಕರ್ಧ ಹಗುರಾಯಿತು.

ಗೊತ್ತಾಗದ ಕಾಯಿಲೆ, ವಾರಗಟ್ಟಲೆ ಎಳೆಯುತ್ತಿರುವ ಕಾಯಿಲೆ, ಮೂಳೆ ಮುರಿತ, ಗಡ್ಡೆ, ಸ್ಕ್ಯಾನಿಂಗ್ ಬೇಕಾದದ್ದು, ಇವಕ್ಕೆಲ್ಲ ನನ್ನ ಮೊದಲ ಆಯ್ಕೆ ಕಾಲೇಜು ಆಸ್ಪತ್ರೆ. ಬೆಂಗಳೂರಿನ ಆಚೆ ಇರುವವರಿಗೆ ಶಿವಮೊಗ್ಗ, ಹಾಸನ, ಬೀದರಿನಲ್ಲೂ ಇಂಥ ಕಾಲೇಜುಗಳಿವೆ.

ಸರ್ಕಾರಿ ಪಶು ಆಸ್ಪತ್ರೆ

"ಅಲ್ಲಿ ದನ ನೋಡ್ತಾರೆ, ನಾಯಿ ನೋಡಲ್ಲ" ಅನ್ನೋ ಮಾತು ಪೇಟೆಯಲ್ಲಿ ಜಾಸ್ತಿ. ನಾನೂ ಹಾಗೇ ಅಂದುಕೊಂಡಿದ್ದೆ. ಅಕ್ಕನ ಮನೆಯ ರಾಣಿ ಅದನ್ನು ಬದಲಾಯಿಸಿದಳು.

ಅಕ್ಕ ಇರೋದು ಸಾಗರದ ಹತ್ತಿರ. ರಾಣಿ ಆರು ವರ್ಷದ ಹೆಣ್ಣು ನಾಯಿ, ಸಂತಾನಹರಣ ಆಪರೇಷನ್ ಮಾಡಿಸಿರಲಿಲ್ಲ. ಬೆದೆ ಮುಗಿದು ಒಂದು ತಿಂಗಳಾಗಿತ್ತು. ಊಟ ಬಿಟ್ಟು ಬರೀ ನೀರು ಕುಡಿಯೋಕೆ ಶುರು ಮಾಡಿದಳು. ಬಾನಿ ಖಾಲಿ ಮಾಡುವಷ್ಟು. ಭಾವ "ಸೆಕೆಗೆ ಕುಡೀತಿದೆ ಬಿಡು" ಅಂದರು. ಅಕ್ಕ ಕೇಳಲಿಲ್ಲ, ಪಶು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿನ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ಬೆದೆಗೆ ಬಂದ ದಿನ ಕೇಳಿ, ಹತ್ತೇ ನಿಮಿಷದಲ್ಲಿ ಹೇಳಿದರಂತೆ. "ಅಮ್ಮಾ, ಗರ್ಭಕೋಶದಲ್ಲಿ ಕೀವು ತುಂಬಿರೋ ಹಾಗಿದೆ. ನನ್ನತ್ರ ಸ್ಕ್ಯಾನಿಂಗ್ ಇಲ್ಲ. ಇವತ್ತೇ ಶಿವಮೊಗ್ಗಕ್ಕೆ ಹೋಗಿ, ನಾಳೆ ಅನ್ನಬೇಡಿ." ಪಕ್ಕದ ಮನೆಯವರ ಓಮ್ನಿಯಲ್ಲಿ ಸುಮಾರು 70 ಕಿಲೋಮೀಟರ್. ರಾಣಿಯ ತಲೆ ಅಕ್ಕನ ತೊಡೆಯ ಮೇಲೆ. ಅಂದೇ ಕಾಲೇಜಿನಲ್ಲಿ ಆಪರೇಷನ್ ಆಯಿತು, ಬದುಕಿದಳು. ಇದಕ್ಕೆ ಪಯೋಮೆಟ್ರಾ ಅನ್ನುತ್ತಾರೆ. ಸಂತಾನಹರಣ ಆಪರೇಷನ್ ಮಾಡಿಸದ ಹೆಣ್ಣು ನಾಯಿ ಮನೆಯಲ್ಲಿದ್ದರೆ, ಬೆದೆ ಮುಗಿದ ಒಂದೆರಡು ತಿಂಗಳು ನೀರು ಕುಡಿಯೋದು, ಕೀವು ಸೋರೋದು, ಸುಸ್ತು, ಈ ಮೂರನ್ನು ಗಮನಿಸುತ್ತಾ ಇರಿ.

ಬೇಕಿದ್ದ ಯಂತ್ರ ಆ ಡಾಕ್ಟರ ಹತ್ತಿರ ಇರಲಿಲ್ಲ. ಕೈ ಇತ್ತು, ಅನುಭವ ಇತ್ತು, ಕಳಿಸುವ ಮನಸ್ಸಿತ್ತು. ದಿನಾ ಹಸುಗಳ ಹೆರಿಗೆ ಮಾಡಿಸುವವರಿಗೆ ಗರ್ಭಕೋಶದ ಬಗ್ಗೆ ಗೊತ್ತಿರುವಷ್ಟು ಬೇರೆ ಯಾರಿಗೆ ಗೊತ್ತಿರುತ್ತೆ?

ಹಳ್ಳಿಯಲ್ಲಿದ್ದರೆ, ಚಿಕ್ಕ ಊರಲ್ಲಿದ್ದರೆ ಮೊದಲು ಇಲ್ಲಿಗೇ ಹೋಗಿ. ರೇಬಿಸ್ ಲಸಿಕೆಗೂ ಇದು ಒಳ್ಳೆಯ ಜಾಗ. ಸೆಪ್ಟೆಂಬರ್ 28, ವಿಶ್ವ ರೇಬಿಸ್ ದಿನದ ಹೊತ್ತಿಗೆ ಉಚಿತ ಲಸಿಕೆ ಶಿಬಿರಗಳೂ ಇರುತ್ತವೆ. ವಿಚಾರಿಸಿ, ಪಕ್ಕದ ಮನೆಯ ನಾಯಿಯನ್ನೂ ಕರೆದುಕೊಂಡು ಹೋಗಿ. 1962 ಸಹಾಯವಾಣಿ ಮುಖ್ಯವಾಗಿ ರೈತರ ದನಕರುಗಳಿಗಾಗಿ ಇರೋದು, ಆದರೂ ನಂಬರ್ ಮೊಬೈಲಿನಲ್ಲಿ ಇರಲಿ. ಔಷಧಿ ಕೆಲವೊಮ್ಮೆ ಹೊರಗೆ ಬರೆದುಕೊಡುತ್ತಾರೆ. ಸಮಯ ಮಾತ್ರ ಕಚೇರಿ ಸಮಯ. ಭಾನುವಾರ ನಾಯಿ ಬಿದ್ದರೆ ಕಷ್ಟ.

ರಾತ್ರಿಯೂ ತೆರೆದಿರುವ ದೊಡ್ಡ ಆಸ್ಪತ್ರೆ

ಗೆಳತಿಯ ಗಂಡು ಬೆಕ್ಕು ಚಿನ್ನು ಒಂದು ರಾತ್ರಿ ಮತ್ತೆ ಮತ್ತೆ ಮರಳಿನ ತಟ್ಟೆಗೆ ಹೋಗಿ ಕೂರುತ್ತಿದ್ದ. ಕೂತು, ಮುಕ್ಕಿ, ಸಣ್ಣಗೆ ಅತ್ತು, ಎದ್ದು ಬರುತ್ತಿದ್ದ. ಮಲಬದ್ಧತೆ ಇರಬೇಕು ಅಂತ ಅವಳು ಅಂದುಕೊಂಡಳು. ಹನ್ನೊಂದು ಗಂಟೆಗೆ ನನಗೆ ಫೋನ್ ಮಾಡಿದಾಗ ನಾನು ಕೇಳಿದ್ದು ಒಂದೇ, "ಮರಳು ಒದ್ದೆ ಆಗಿದೆಯಾ?" ಆಗಿರಲಿಲ್ಲ. ಗಂಡು ಬೆಕ್ಕಿಗೆ ಮೂತ್ರ ಕಟ್ಟಿದರೆ ಬೆಳಗಿನವರೆಗೆ ಕಾಯುವ ಹಾಗಿಲ್ಲ. ಒಂದೆರಡು ದಿನದಲ್ಲೇ ಜೀವ ಹೋಗಬಹುದು. ರಾತ್ರಿಯೇ ಆಟೋ ಹಿಡಿದು ಹೋದಳು. ಕ್ಯಾತಿಟರ್ ಹಾಕಿ ಬಿಡಿಸಿದರು, ಎರಡು ದಿನ ಇಟ್ಟುಕೊಂಡರು. ಬಿಲ್ಲು 14 ಸಾವಿರ ದಾಟಿತು. ಅಷ್ಟು ದುಡ್ಡು ಹೊಂದಿಸಲು ಅವಳಿಗೆ ಕಷ್ಟವಾಯಿತು ನಿಜ. ಆದರೆ ಆ ಹೊತ್ತಿನಲ್ಲಿ ಬೇರೆ ಯಾವ ಬಾಗಿಲೂ ತೆರೆದಿರಲಿಲ್ಲ.

ಉಸಿರಾಟದ ತೊಂದರೆ, ನಿಲ್ಲದ ಫಿಟ್ಸ್, ಅಪಘಾತ, ಇಲಿ ಪಾಷಾಣ ತಿಂದಿದ್ದು, ದೊಡ್ಡ ಜಾತಿಯ ನಾಯಿಗೆ ಹೊಟ್ಟೆ ಡೋಲಿನ ಹಾಗೆ ಉಬ್ಬಿ ವಾಂತಿ ಬಾರದೆ ಒದ್ದಾಡೋದು, ಮರಿ ಹಾಕಲು ಆಗದೆ ತಿಣುಕೋದು. ಇವಕ್ಕೆ ದುಡ್ಡಿನ ಲೆಕ್ಕ ಆಮೇಲೆ. ಹಾವು ಕಚ್ಚಿದ್ದರೆ ಹೊರಡುವ ಮೊದಲೇ ಫೋನ್ ಮಾಡಿ "ಆ್ಯಂಟಿವೆನಮ್ ಇದೆಯಾ?" ಅಂತ ಕೇಳಿ. ಎಲ್ಲ ಕಡೆ ಇಟ್ಟಿರಲ್ಲ.

ಆದರೆ ಇದನ್ನು ಹಗಲಲ್ಲೇ ಒಮ್ಮೆ ಹೋಗಿ ನೋಡಿಕೊಂಡು ಬನ್ನಿ. ಬೋರ್ಡಿನ ಮೇಲೆ 24 ಗಂಟೆ ಅಂತ ಇರುತ್ತದೆ. ರಾತ್ರಿ ಎರಡಕ್ಕೆ ಇರೋದು ಡಾಕ್ಟರಾ, ಬರೀ ನೋಡಿಕೊಳ್ಳುವ ಹುಡುಗನಾ? ನೇರವಾಗಿ ಕೇಳಿ. ಒಳಗೆ ಸೇರಿಸುವ ಮೊದಲು ಎಷ್ಟಾಗಬಹುದು ಅಂತ ಬರೆಸಿಕೊಳ್ಳಿ. ಯಾವ ಪರೀಕ್ಷೆ ಈಗಲೇ ಬೇಕು, ಯಾವುದನ್ನು ನಾಳೆ ಮಾಡಿಸಿದರೂ ನಡೆಯುತ್ತೆ ಅಂತಲೂ ಕೇಳಬಹುದು. ಇಷ್ಟೇ ದುಡ್ಡಿದೆ ಅಂತ ಹೇಳೋಕೆ ನಾಚಿಕೆ ಬೇಡ. ಅದನ್ನು ಕೇಳಿಸಿಕೊಂಡು ಅದಕ್ಕೆ ತಕ್ಕ ದಾರಿ ಹೇಳುವ ಡಾಕ್ಟರುಗಳಿದ್ದಾರೆ.

ಮನೆಗೆ ಬರುವ ಡಾಕ್ಟರು

ಬೆಕ್ಕು ಸಾಕಿದವರಿಗೆ ಇವರ ಬೆಲೆ ಗೊತ್ತು. ಬುಟ್ಟಿ ಕಂಡರೆ ಮಂಚದ ಕೆಳಗೆ ಸೇರುವ ಬೆಕ್ಕನ್ನು ನಾಯಿಗಳ ಮಧ್ಯೆ ಬೆಂಚಿನ ಮೇಲೆ ಕೂರಿಸೋದು ಅದಕ್ಕೂ ಹಿಂಸೆ, ನಮಗೂ ಹಿಂಸೆ. ಲಸಿಕೆಗೆ, ಎದ್ದು ನಿಲ್ಲಲಾರದ ಮುದಿ ನಾಯಿಗೆ, ಎರಡು ಮೂರು ಪ್ರಾಣಿ ಇರುವ ಮನೆಗೆ ಇದು ಸರಿ. ಜೀವ ನೋಯುತ್ತಿರುವ ಪ್ರಾಣಿಯನ್ನು ಕೊನೆಗೆ ಕಳಿಸಿಕೊಡಬೇಕಾಗಿ ಬಂದಾಗಲೂ, ಅದು ದಿನಾ ಮಲಗುವ ಚಾಪೆಯ ಮೇಲೇ ಆಗಲಿ ಅಂತ ನಾನು ಬಯಸುತ್ತೇನೆ. ನಮ್ಮ ಹಿಂದಿನ ನಾಯಿಗೆ ಹಾಗೇ ಮಾಡಿದೆವು. ಸುಸ್ತಾಗಿ ಬಿದ್ದ ಪ್ರಾಣಿಗೆ ಮಾತ್ರ ಮನೆಗೆ ಕರೆಸಿ ಸಮಯ ಕಳೆಯಬೇಡಿ. ಅವರ ಬ್ಯಾಗಿನಲ್ಲಿ ಆಕ್ಸಿಜನ್ ಇರಲ್ಲ.

ಬೆಕ್ಕಿನ ವಿಷಯ ಬಂತಲ್ಲ, ಒಂದು ಮಾತು. ಯಾವ ಡಾಕ್ಟರೂ ಸಿಗಲಿಲ್ಲ ಅಂತ ಮನೆಯಲ್ಲಿರುವ ಡೋಲೊ, ಕ್ರೋಸಿನ್ ಕೊಡಬೇಡಿ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ನಾಯಿಯ ಉಣ್ಣಿಗೆ ಹಾಕುವ ಪರ್ಮೆಥ್ರಿನ್ ಔಷಧಿಯೂ ಹಾಗೇ.

ಬೇರೆಯವರ ಅನುಭವ ಕೇಳುವಾಗ

ಆನ್‌ಲೈನ್ ರಿವ್ಯೂಗಳ ನಕ್ಷತ್ರ ಎಣಿಸಬೇಡಿ. "ಸ್ಟಾಫ್ ತುಂಬಾ ಒಳ್ಳೆಯವರು" ಅನ್ನೋದರಿಂದ ನಿಮಗೆ ಏನೂ ಗೊತ್ತಾಗಲ್ಲ. ಪ್ರಾಣಿ ಕಳೆದುಕೊಂಡವರು ಕೋಪದಲ್ಲಿ ಬರೆದದ್ದನ್ನು ಓದುವಾಗಲೂ ನಿಧಾನ ಇರಲಿ. ಕೆಲವು ಸಲ ತಪ್ಪು ಕ್ಲಿನಿಕ್ಕಿನದು, ಕೆಲವು ಸಲ ಯಾರದೂ ಅಲ್ಲ. ಏನಾಯಿತು, ಎಷ್ಟು ದಿನಕ್ಕೆ ಯಾವ ಪರೀಕ್ಷೆ ಮಾಡಿದರು, ಮನೆಗೆ ಹೋದ ಮೇಲೆ ಫೋನ್ ತೆಗೆದರಾ, ಇಷ್ಟು ಬರೆದಿದ್ದರೆ ಅದು ಕೆಲಸಕ್ಕೆ ಬರುವ ಮಾತು. ನಾನಂತೂ ಬೀದಿನಾಯಿಗಳಿಗೆ ಅನ್ನ ಹಾಕುವವರನ್ನು ಕೇಳುತ್ತೇನೆ. ಬಡಾವಣೆಯ ಪ್ರತಿ ಕ್ಲಿನಿಕ್ಕಿನ ಬಾಗಿಲು ಅವರಿಗೆ ಗೊತ್ತು. ಯಾರು ರಾತ್ರಿ ಫೋನ್ ತೆಗೆಯುತ್ತಾರೆ, ಯಾರು ಬೀದಿನಾಯಿ ಅಂದರೆ ದುಡ್ಡು ಕಮ್ಮಿ ಮಾಡುತ್ತಾರೆ, ಎಲ್ಲ ಹೇಳುತ್ತಾರೆ. ಗಾಯಗೊಂಡ ಬೀದಿನಾಯಿ ಸಿಕ್ಕರೆ 1991ರಿಂದ ಬೆಂಗಳೂರಿನಲ್ಲಿರುವ ಕ್ಯೂಪಾದಂಥ ಪ್ರಾಣಿದಯಾ ಸಂಸ್ಥೆಗಳಿಗೆ ಫೋನ್ ಮಾಡೋದು ಹೇಗೆ ಅಂತಲೂ ನನಗೆ ಕಲಿಸಿದ್ದು ಅದೇ ಆಂಟಿ.

ಕ್ಲಿನಿಕ್ ಬದಲಾಯಿಸೋಕೆ ಸಂಕೋಚ ಪಡುವವರು ಬಹಳ ಜನ. ನಾವೂ ಮೂರು ದಿನ ಕಳೆದದ್ದು ಆ ಸಂಕೋಚದಿಂದಲೇ. "ಇಷ್ಟು ದಿನ ನೋಡಿದಾರೆ, ಈಗ ಬೇರೆ ಕಡೆ ಹೋದರೆ ಏನಂದುಕೊಳ್ಳುತ್ತಾರೋ" ಅಂತ. ಎರಡನೇ ಡಾಕ್ಟರನ್ನು ಕೇಳೋದು ಮನುಷ್ಯರ ಆಸ್ಪತ್ರೆಯಲ್ಲಿ ತಪ್ಪಲ್ಲ, ಇಲ್ಲೂ ತಪ್ಪಲ್ಲ. ಚೀಟಿ, ರಿಪೋರ್ಟ್ ಎಲ್ಲ ಕೇಳಿ ತೆಗೆದುಕೊಂಡು ಹೋಗಿ.

ನಮ್ಮ ಮನೆಯಲ್ಲಿ ಈಗ ಎಲ್ಲ ರಿಪೋರ್ಟೂ ಒಂದೇ ಪ್ಲಾಸ್ಟಿಕ್ ಫೈಲಿನಲ್ಲಿದೆ. ಗುಂಡನ ಚೈನು, ಬಾಯಿಕುಕ್ಕೆ, ಒಂದು ಹಳೇ ಟವೆಲ್ ಜೊತೆ ಬಾಗಿಲ ಹಿಂದಿನ ಚೀಲದಲ್ಲಿ ತೂಗುತ್ತಿದೆ. ಗೋಡೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ಲಸಿಕೆಯ ದಿನಕ್ಕೆ ಕೆಂಪು ಗುಂಡು ಸುತ್ತಿದ್ದೇವೆ. ಅದರ ಅಂಚಿನಲ್ಲಿ ಮೂರು ನಂಬರ್ ಬರೆದಿದೆ. ಡಾಕ್ಟರಮ್ಮನದು, ರಾತ್ರಿ ಆಸ್ಪತ್ರೆಯದು, ಮತ್ತೆ ಎಷ್ಟು ಹೊತ್ತಿಗೆ ಕರೆದರೂ ನಾಯಿಯನ್ನು ಹತ್ತಿಸಿಕೊಳ್ಳುವ ನಮ್ಮ ಬೀದಿಯ ಆಟೋ ಅಣ್ಣನದು.